ಕಡಲೆಯ ಕುಡಿ, ಎಂಬತ್ತೆಂಟು ಸೆಕೆಂಡು

ನಾನು ಸುಲಭಕ್ಕೆ ತಪ್ಪು ಒಪ್ಪಿಕೊಳ್ಳುವ ಮನುಷ್ಯನಲ್ಲ. ರೋಣದ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಎರಡು ಖೋಲಿಯ ರಕ್ತ ತಪಾಸಣೆ ಕೇಂದ್ರ ಇಟ್ಟುಕೊಂಡವನು. ಯಾರಾದರೂ ‘ನಿಮ್ಮ ರಿಪೋರ್ಟ್ ತಪ್ಪೈತಿ’ ಅಂದರೆ ನನಗೆ ಮೈಯೆಲ್ಲ ಉರಿಯುತ್ತದೆ. ಆದರೆ ಆ ಮಾರ್ಗಶಿರದ ಒಂದು ಬೆಳಿಗ್ಗೆ ನನ್ನ ಯಂತ್ರ ತೋರಿಸಿದ ಸಂಖ್ಯೆ ನೋಡಿ, ಇದು ತಪ್ಪೇ ಆಗಿರಲಿ ದೇವರೇ ಎಂದು ನಾನೇ ಬೇಡಿಕೊಂಡೆ.

ಸಂಖ್ಯೆ ಒಂದು ಪಾಯಿಂಟ್ ಮೂರು. ರಕ್ತ ಎಷ್ಟು ತಡವಾಗಿ ಹೆಪ್ಪುಗಟ್ಟುತ್ತದೆ ಎಂಬುದನ್ನು ಹೇಳುವ ಲೆಕ್ಕ ಅದು. ನಾವು ಐಎನ್‌ಆರ್ ಅನ್ನುತ್ತೇವೆ. ನನಗೆ, ನಿಮಗೆ ಒಂದರ ಆಸುಪಾಸು ಇದ್ದರೆ ಚಲೋ. ಎದುರಿಗೆ ಕೂತ ಹೆಣ್ಣುಮಗಳಿಗೆ ಎರಡೂವರೆಯಿಂದ ಮೂರೂವರೆ ಇರಲೇಬೇಕಿತ್ತು. ಅವಳು ಜಕ್ಕಲಿಯವಳು, ಹೊಲದ ಕೂಲಿ, ವಯಸ್ಸು ಮೂವತ್ತೆರಡೋ ಮೂವತ್ತಮೂರೋ. ಎರಡು ವರ್ಷದ ಹಿಂದೆ ಅವಳ ಹೃದಯದ ಒಂದು ಕವಾಟ ತೆಗೆದು ಲೋಹದ ಕವಾಟ ಕೂರಿಸಿದ್ದರು. ಫ್ಯಾನ್ ಬಂದ್ ಆಗಿದ್ದರೆ, ಪಕ್ಕದಲ್ಲಿ ಕೂತವರಿಗೆ ಅದರ ಟಿಕ್ ಟಿಕ್ ಕೇಳುತ್ತದೆ. ‘ನನಗ ಗಡಿಯಾರ ಬ್ಯಾಡ್ರಿ ಅಣ್ಣಾರ, ಎದಿಯಾಗ ಕಟ್ಟಿ ಕಳಿಸ್ಯಾರ’ ಎಂದು ಅವಳೇ ನಗುತ್ತಿದ್ದಳು.

ಲೋಹದ ಮೇಲೆ ರಕ್ತ ಹೆಪ್ಪುಗಟ್ಟಲು ಹವಣಿಸುತ್ತದೆ. ಕಟ್ಟಿತೆಂದರೆ ಕವಾಟ ಜಾಮ್, ಇಲ್ಲವೇ ಹೆಪ್ಪಿನ ಚೂರು ಮಿದುಳಿಗೆ. ಅದಕ್ಕೇ ಅವಳು ಜೀವ ಇರುವ ತನಕ ದಿನಾ ಸಂಜೆ ವಾರ್ಫರಿನ್ ಎಂಬ ಗುಳಿಗೆ ನುಂಗಬೇಕು, ತಿಂಗಳಿಗೊಮ್ಮೆ ನನ್ನ ಬಳಿ ರಕ್ತ ಕೊಡಬೇಕು. ಎರಡು ವರ್ಷದಲ್ಲಿ ಒಮ್ಮೆಯೂ ಅವಳ ಲೆಕ್ಕ ಇಷ್ಟು ಕೆಳಗೆ ಇಳಿದದ್ದನ್ನು ನಾನು ನೋಡಿರಲಿಲ್ಲ.

ಮೊದಲು ನನ್ನ ಕೈಯನ್ನೇ ಅನುಮಾನಿಸಿದೆ. ಈ ತಪಾಸಣೆಗೆ ನೀಲಿ ಮುಚ್ಚಳದ ನಳಿಗೆ. ಒಳಗೆ ಒಂದು ಪಾಲು ಸಿಟ್ರೇಟ್ ದ್ರವ, ಅದಕ್ಕೆ ಸರಿಯಾಗಿ ಒಂಬತ್ತು ಪಾಲು ರಕ್ತ. ತುಂಬಿದ ಕೂಡಲೇ ಮೆಲ್ಲಗೆ ಮೂರು ನಾಲ್ಕು ಸಲ ಮಗುಚಬೇಕು, ಮಜ್ಜಿಗೆ ಕಡೆದಂತೆ ಅಲುಗಿಸಬಾರದು. ಯಂತ್ರದಲ್ಲಿ ಗರಗರ ತಿರುಗಿಸಿ, ಮೇಲೆ ನಿಂತ ಹಳದಿ ನೀರನ್ನು, ಅಂದರೆ ಪ್ಲಾಸ್ಮಾವನ್ನು, ಮೈಯ ಬಿಸಿಗೆ ಕಾಯಿಸಿ, ಅದರ ಮೇಲೆ ರಾಸಾಯನಿಕ ಬಿಟ್ಟ ಕ್ಷಣದಿಂದ ಯಂತ್ರ ಸೆಕೆಂಡು ಎಣಿಸುತ್ತದೆ. ಹೆಪ್ಪು ಬಿದ್ದೊಡನೆ ಎಣಿಕೆ ನಿಲ್ಲುತ್ತದೆ. ಹೊಸದಾಗಿ ರಕ್ತ ತೆಗೆದೆ, ಎಲ್ಲವನ್ನೂ ಮತ್ತೆ ಮಾಡಿದೆ. ಒಂದು ಪಾಯಿಂಟ್ ಮೂರು.

ಕರೆಂಟಿನ ಕಾಟದಿಂದ ಫ್ರಿಜ್ಜಿನಲ್ಲಿದ್ದ ರಾಸಾಯನಿಕ ಕೆಟ್ಟಿರಬಹುದೆಂದು ಹೊಸ ಶೀಷೆ ಒಡೆದೆ. ನನ್ನದೇ ತೋಳಿಗೆ ಸೂಜಿ ಚುಚ್ಚಿಕೊಂಡು ನನ್ನ ರಕ್ತ ಹಾಕಿ ನೋಡಿದೆ; ಹನ್ನೆರಡೂವರೆ ಸೆಕೆಂಡು, ಚೊಕ್ಕ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ, ರೋಗಿಯನ್ನು ಬಿಟ್ಟು ಎಲ್ಲವನ್ನೂ ಪರೀಕ್ಷೆ ಮಾಡಿದೆ. ಕೊನೆಗೆ ರೋಗಿಯ ಮೇಲೇ ಹರಿಹಾಯ್ದೆ.

“ಖರೇ ಹೇಳವಾ. ಗುಳಿಗಿ ಬಿಟ್ಟಿಯೇನ?”

“ದೇವರಾಣಿ ಬಿಟ್ಟಿಲ್ರಿ ಅಣ್ಣಾರ. ಸಂಜಿ ದೀಪಾ ಹಚ್ಚತೀನಿ, ಗುಳಿಗಿ ನುಂಗತೀನಿ. ನೋಡ್ರಿಲ್ಲೆ,” ಎಂದು ಸೆರಗಿನ ಗಂಟು ಬಿಚ್ಚಿ ಖಾಲಿ ಪಟ್ಟಿಗಳನ್ನು ಮೇಜಿನ ಮೇಲೆ ಸುರಿದಳು. ಒಂದೂ ಗುಳಿಗೆ ಉಳಿದಿರಲಿಲ್ಲ.

“ತಪ್ಪಲ ಪಲ್ಯೆ ಏನರ ಮಾಡಾಕತ್ತಿಯೇನ? ಮೆಂತೆ, ರಾಜಗಿರಿ, ಪಾಲಕ?” ಹಸಿರು ಎಲೆ ಈ ಗುಳಿಗೆಗೆ ಆಗದು ಎಂಬುದು ನಮಗೆಲ್ಲ ಗೊತ್ತು.

“ಆಪರೇಷನ್ ಆದಾಗಿಂದ ತಪ್ಪಲ ಪಲ್ಯೆ ನಮ್ಮ ಒಲಿ ಏರಿಲ್ರಿ. ಬ್ಯಾಳಿ, ಮಡಿಕಿಕಾಳು, ಬದನಿಕಾಯಿ. ಬೇಕಾದ್ರ ಬಂದು ಗಡಿಗಿ ನೋಡ್ರಿ.”

ಅವಳು ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ನಾನು ಕೇಳಿದ್ದು ಒಲೆಯ ಮೇಲಿನದನ್ನು. ಅವಳು ಹೇಳಿದ್ದೂ ಅದನ್ನೇ.

ಅವಳ ವೈದ್ಯರು ನರಗುಂದದವರು, ವಾರಕ್ಕೆರಡು ದಿನ ರೋಣಕ್ಕೆ ಬಂದು ರೋಗಿಗಳನ್ನು ನೋಡುವ ಮೇಡಂ. ನಾನು ಫೋನು ಮಾಡಿದಾಗ ಅವರು ಐದು ಮಿಲಿಗ್ರಾಮ್ ಇದ್ದದ್ದನ್ನು ಆರೂವರೆ ಮಾಡಿದರು. ಐದು ದಿನಕ್ಕೆ ಮತ್ತೆ ನೋಡಿದರೆ ಒಂದು ಪಾಯಿಂಟ್ ಎರಡು. ಗುಳಿಗೆ ಹೆಚ್ಚಾಗಿದೆ, ಲೆಕ್ಕ ಇಳಿದಿದೆ! ಗುಳಿಗೆಯೇ ನಕಲಿ ಇರಬಹುದೆಂದು ಬೇರೆ ಅಂಗಡಿಯಿಂದ ಹೊಸ ಪಟ್ಟಿ ಕೊಡಿಸಿದ್ದಾಯಿತು. ಮೇಡಂ ಎಂಟಕ್ಕೆ ಏರಿಸಿದರು, ಆಮೇಲೆ ಒಂಬತ್ತಕ್ಕೆ. ಆಗ ಲೆಕ್ಕ ಕುಂಟುತ್ತ ಒಂದೂವರೆ ಮುಟ್ಟಿತು. ಇಷ್ಟು ದಿನವೂ ಅವಳ ಎದೆಯ ಕವಾಟ ಯಾವಾಗ ಬೇಕಾದರೂ ನಿಲ್ಲಬಹುದಿತ್ತು. ಅವಳು ಬಾಗಿಲಲ್ಲಿ ಕಾಣಿಸಿದರೆ ನಾನು ಮೊದಲು ಮುಖ ನೋಡುತ್ತಿದ್ದೆ, ಬಾಯಿ ಸೊಟ್ಟಗಾಗಿದೆಯೋ ಎಂದು.

ಕೊನೆಯ ಉಪಾಯವೆಂದು ಒಂದು ಶನಿವಾರ ಅವಳ ಮಾದರಿಯನ್ನು ಗಜೇಂದ್ರಗಡದ ಗೆಳೆಯನ ಪ್ರಯೋಗಾಲಯಕ್ಕೆ ಬೈಕಿನಲ್ಲಿ ಒಯ್ದೆ. ಇದನ್ನು ಬರ್ಫದಲ್ಲಿ ಇಡುವಂತಿಲ್ಲ, ಬಿಸಿಲಿಗೂ ಒಡ್ಡುವಂತಿಲ್ಲ. ಟವೆಲ್ಲಿನಲ್ಲಿ ಸುತ್ತಿ ಅಂಗಿಯ ಒಳಗೆ ಇಟ್ಟುಕೊಂಡು ಹೋದೆ. ಅವನ ಯಂತ್ರ ಬೇರೆ, ರಾಸಾಯನಿಕ ಬೇರೆ. ಉತ್ತರ ಮಾತ್ರ ಅದೇ, ಒಂದೂವರೆ. “ನಿನ್ನ ಮಷಿನ್ ಬರೋಬ್ಬರಿ ಐತೋ ಮಾರಾಯಾ, ಸುಮ್ನ ಪೆಟ್ರೋಲ್ ಸುಟಗೊಂಡಿ,” ಎಂದು ಅವನು ಬೆನ್ನು ತಟ್ಟಿದ. ನನಗೆ ಖುಷಿಯಾಗಬೇಕಿತ್ತು, ಆಗಲಿಲ್ಲ.

ವಾಪಸು ಬರುವಾಗ ಜಕ್ಕಲಿಯ ಹಾದಿ ಹಿಡಿದೆ, ಅವಳಿಗೆ ಫಲಿತಾಂಶ ಹೇಳಿಯೇ ಹೋಗೋಣವೆಂದು. ಮನೆಯಲ್ಲಿ ಇರಲಿಲ್ಲ. “ಕಡ್ಲಿ ಹೊಲಕ್ಕ ಹೋಗ್ಯಾಳ್ರಿ” ಅಂದರು. ಊರ ಹೊರಗಿನ ಎರಿ ಹೊಲದ ಕಪ್ಪು ಮಣ್ಣಿನಲ್ಲಿ ಹತ್ತು ಹನ್ನೆರಡು ಹೆಂಗಸರು ಸಾಲು ಹಿಡಿದು ಬಗ್ಗಿದ್ದರು. ಕಡಲೆ ಮೊಣಕಾಲುದ್ದ ಬರುವ ಮೊದಲೇ ತುದಿಯ ಕುಡಿ ಚಿವುಟಬೇಕು. ಚಿವುಟಿದರೆ ಗಿಡ ಟಿಸಿಲೊಡೆದು ಕಾಯಿ ಹೆಚ್ಚು ಹಿಡಿಯುತ್ತದೆ. ನಮ್ಮ ಕಡೆ ಈ ದಿನಗಳಲ್ಲಿ ಊರೂರಿಗೂ ಇದೇ ಕೆಲಸ. ಎರಡೂ ಕೈಯಿಂದ ಚಿವುಟುತ್ತಾರೆ, ಉಡಿಗೆ ಹಾಕಿಕೊಳ್ಳುತ್ತಾರೆ, ಮೂರನೆಯದೋ ನಾಲ್ಕನೆಯದೋ ಬಾಯಿಗೆ.

ಅವಳು ನನ್ನನ್ನು ನೋಡಿ ನೆಟ್ಟಗೆ ನಿಂತಳು. ದವಡೆ ಆಡುತ್ತಿತ್ತು.

“ಏನ್ ತಿನ್ನಾಕತ್ತಿ ತಂಗಿ?”

“ಏನೂ ಇಲ್ರಿ ಅಣ್ಣಾರ.”

“ಮತ್ತ ಬಾಯಾಗ?”

“ಇದಾ? ಕಡ್ಲಿ ಕುಡಿರೀ. ಇದೇನ್ ತಿನ್ನೂದಲ್ರಿ, ಬಾಯಾಡ್ಸೂದು. ಹುಳಿ ಹುಳಿ ಇರತೈತಿ, ನೀರಡಿಕಿ ಆಗೂದಿಲ್ಲ.”

“ದಿನಾ?”

“ಚಿವುಟೂದು ಚಾಲೂ ಆದಾಗಿಂದ ದಿನಾ. ಆಪರೇಷನ್ ಆದಮ್ಯಾಲ ಈ ವರ್ಷಾನ ಚಿವುಟಾಕ ಬಂದೀನ್ರಿ. ಎಲ್ಲಾರೂ ಹಂಗರಿ. ಮಧ್ಯಾಹ್ನ ರೊಟ್ಟಿ ಜೋಡಿ ಉಳ್ಳಾಗಡ್ಡಿ, ಖಾರಾ ಹಚ್ಚಿ ಒಂದು ಬೊಗಸಿ. ಒಲಿ ಮ್ಯಾಲ ಇಟ್ಟಿಲ್ರಿ ಮತ್ತ!”

ನಾನು ಹೊಲದ ಬದುವಿನ ಮೇಲೆ ಕೂತುಬಿಟ್ಟೆ. ಬೆಳಗಿನಿಂದ ಸಂಜೆ ತನಕ ಹಸಿ ಎಲೆ, ಮೂರು ವಾರದಿಂದ! ಒಂಬತ್ತು ಮಿಲಿಗ್ರಾಮ್ ಹಾಕಿದರೂ ಲೆಕ್ಕ ಏಳದಿದ್ದದ್ದರಲ್ಲಿ ಆಶ್ಚರ್ಯವೇನು? ನನಗೆ ನಗು ಬಂತು, ಗೆದ್ದ ನಗು. ಎದ್ದು ಅವಳ ಮುಂದೆ ಬೆರಳು ಆಡಿಸಿ ಹೇಳಿದೆ: “ಇವತ್ತಿಂದ ಬಂದ್. ಒಂದ ಎಲಿ ಬಾಯಾಗ ಹೋಗಬಾರದು. ಗುಳಿಗಿ ಮಾತ್ರ ಹಂಗ ಮುಂದುವರಿಸು.”

“ಆತ್ರಿ ಅಣ್ಣಾರ. ಹೆಂಗೂ ಇವತ್ತ ಕೊನೀ ಹೊಲಾ, ನಾಳಿಂದ ಚಿವುಟೂದಿಲ್ಲ,” ಅಂದಳು, ಬಾಯಲ್ಲಿದ್ದುದನ್ನೂ ಉಗುಳಿ.

ಮೇಡಂಗೆ ಫೋನು ಹಚ್ಚಿದೆ, ಎತ್ತಲಿಲ್ಲ. ಮತ್ತೆ ಹಚ್ಚಬೇಕಿತ್ತು. ಹಚ್ಚಲಿಲ್ಲ. ಇಂಥ ಪತ್ತೇದಾರಿಕೆಯನ್ನು ಎದುರಿಗೆ ಕೂತು, ಅವರ ಮುಖ ನೋಡುತ್ತಲೇ ಹೇಳಬೇಕೆಂಬ ಆಸೆ ನನ್ನದು. ಅವರು ರೋಣಕ್ಕೆ ಬರುವುದು ಬುಧವಾರ.

ಬುಧವಾರ ಕಥೆಯನ್ನು ಚೆನ್ನಾಗಿ ಎಳೆದು, ಹೊಲ, ಉಡಿ, ಬಾಯಿ ಎಲ್ಲ ಬಣ್ಣಿಸಿ ಹೇಳಿದೆ. ಮೇಡಂ ಮೊದಲು ನಕ್ಕರು. ಆಮೇಲೆ ಆ ನಗು ಅರ್ಧಕ್ಕೇ ನಿಂತಿತು.

“ನಿಲ್ಲಿಸು ಅಂತ ಹೇಳಿದ್ರಿ?”

“ಹೇಳಿದೆ ಮೇಡಂ. ಒಂದ ಎಲಿ ಮುಟ್ಟಬ್ಯಾಡ ಅಂದೆ.”

“ಗುಳಿಗಿ?”

“ಹಂಗ ಮುಂದುವರಿಸು ಅಂದೆ.”

“ಒಂಬತ್ತು ಮಿಲಿಗ್ರಾಮ?” ಅವರು ಕುರ್ಚಿಯಿಂದ ಎದ್ದರು. “ಎಷ್ಟು ದಿನಾ ಆತು?”

“ನಾಕು.”

“ಅಯ್ಯೋ ಶಿವನೇ! ಎಲಿ ತಿಂತಾಳಂತ ಗೊತ್ತಿಲ್ಲದ ಏರಿಸಿದ ಡೋಸ್ ಅದು. ಎಲಿ ನಿಂತಮ್ಯಾಲ ಆ ಡೋಸ್ ಆಕೀನ್ನ ಕೊಲ್ತದ. ಒಂದ್ ಫೋನ್ ಮಾಡಾಕ ಏನಾಗಿತ್ರೀ ನಿಮಗ?”

ಎಲೆ ಬಿಟ್ಟರೆ ಗುಳಿಗೆ ಸರಿಯಾಗಿ ಕೆಲಸ ಮಾಡುತ್ತದೆ ಎಂಬಲ್ಲಿಗೆ ನನ್ನ ಬುದ್ಧಿ ನಿಂತಿತ್ತು. ಎಷ್ಟು ಕೆಲಸ ಮಾಡುತ್ತದೆ ಎಂದು ಯೋಚಿಸಿರಲೇ ಇಲ್ಲ. ಮೇಡಂ ತಮ್ಮ ಕಾರು, ಚಾಲಕನನ್ನು ಕೊಟ್ಟು ಓಡಿಸಿದರು. “ಬೈಕ್ ಮ್ಯಾಲ ತರಬ್ಯಾಡ್ರಿ, ತಲಿಗೆ ಒಂಚೂರು ಪೆಟ್ಟಾದ್ರೂ ಮುಗೀತು,” ಅಂದರು.

ಜಕ್ಕಲಿಯಲ್ಲಿ ಅವಳು ರೊಟ್ಟಿ ಬಡಿಯುತ್ತ ಕೂತಿದ್ದಳು. ಬದುಕಿದ್ದಾಳೆ ಎಂದು ಸಮಾಧಾನವಾಯಿತು. ಮರುಕ್ಷಣವೇ ಅವಳ ಅಂಗೈ ಕಂಡಿತು. ಬೆರಳುಗಳ ಬುಡದಲ್ಲಿ, ಅಂಗೈಯ ಅಂಚಿನಲ್ಲಿ, ರೊಟ್ಟಿ ಬಡಿದ ಜಾಗದಲ್ಲೆಲ್ಲ ನೇರಳೆ ಬಣ್ಣದ ಬಾವು. ಚಿಕ್ಕಂದಿನಿಂದ ರೊಟ್ಟಿ ಬಡಿದ ಕೈ ಅದು, ಬಡಿತಕ್ಕೆ ಬಾಯುವ ಕೈಯಲ್ಲ.

“ಏನಿದು?”

“ಎರಡ ದಿನಾ ಆತ್ರಿ. ಹಲ್ಲ ತಿಕ್ಕಿದ್ರೂ ರಕ್ತ ನಿಲ್ಲವಲ್ದು. ನೀವು ಹೇಳಿದಂಗ ಒಂದ ಎಲಿ ಮುಟ್ಟಿಲ್ರಿ ಅಣ್ಣಾರ, ಆಣಿ ಮಾಡಿ ಹೇಳತೀನಿ.” ಮತ್ತೆಲ್ಲಿ ಬೈಯುತ್ತೇನೋ ಎಂದು ಅವಳು ಹೆದರಿದ್ದಳು. ಒಲೆ ಆರಿಸಿ ಕಾರು ಹತ್ತಿಸಿದೆ.

ನನ್ನ ಖೋಲಿಯಲ್ಲಿ ರಕ್ತ ತೆಗೆದು, ಚುಚ್ಚಿದ ಜಾಗವನ್ನು ಅವಳಿಂದಲೇ ಗಟ್ಟಿಯಾಗಿ ಒತ್ತಿ ಹಿಡಿಸಿದೆ. ಹತ್ತಿ ಕೆಂಪಾಯಿತು, ಬದಲಿಸಿದೆ, ಅದೂ ಕೆಂಪಾಯಿತು. ಪ್ಲಾಸ್ಮಾ ಕಾಯಿಸಿ ರಾಸಾಯನಿಕ ಬಿಟ್ಟೆ. ಎಣಿಕೆ ಶುರುವಾಯಿತು. ಹನ್ನೆರಡು ದಾಟಿತು, ಮೂವತ್ತು ದಾಟಿತು. ಅವಳಿಗೆ ಸರಿಯಾಗಿದ್ದಾಗ ಮೂವತ್ತು, ಮೂವತ್ತೈದಕ್ಕೆ ನಿಲ್ಲುತ್ತಿದ್ದ ಯಂತ್ರ ಐವತ್ತರಲ್ಲೂ ನಿಲ್ಲಲಿಲ್ಲ. ನಿಲ್ಲು, ನಿಲ್ಲು ಎಂದು ನಾನು ಗಟ್ಟಿಯಾಗಿಯೇ ಅನ್ನುತ್ತಿದ್ದೆನಂತೆ. ಎಂಬತ್ತೆಂಟಕ್ಕೆ ನಿಂತಿತು. ಐಎನ್‌ಆರ್ ಎಂಟು ಪಾಯಿಂಟ್ ಆರು. ಹೋದೆಯಾ ಪಿಶಾಚಿ ಅಂದರೆ ಬಂದೆ ಗವಾಕ್ಷೀಲಿ ಅಂದಿತ್ತು.

ಮೇಡಂ ಗುಳಿಗೆ ನಿಲ್ಲಿಸಿದರು, ವಿಟಮಿನ್ ಕೆ ಇಂಜೆಕ್ಷನ್ನಿನ ಶೀಷೆ ಒಡೆದರು. ಹತ್ತು ಮಿಲಿಗ್ರಾಮ್ ಇದ್ದ ಆ ಶೀಷೆಯಿಂದ ಎರಡೇ ಮಿಲಿಗ್ರಾಮ್ ಅಳೆದು, ಸಕ್ಕರೆ ನೀರಲ್ಲಿ ಕಲಸಿ ಕುಡಿಸಿದರು. ಉಳಿದದ್ದನ್ನು ಚೆಲ್ಲಿದರು.

“ಪೂರಾ ಯಾಕ ಕೊಡಬಾರದ್ರೀ ಮೇಡಂ?” ನಾನು ಕೇಳಿದೆ.

“ಪೂರಾ ಕೊಟ್ರ ರಕ್ತ ಹೆಪ್ಪುಗಟ್ಟಿ ಕವಾಟ ಜಾಮ್ ಆಗ್ತದ. ಆಮ್ಯಾಲ ವಾರಗಟ್ಟಲೆ ಗುಳಿಗಿ ಕೆಲಸಾನ ಮಾಡೂದಿಲ್ಲ. ನೀವು ಮಾಡಿದ ತಪ್ಪನ್ನ ನಾನು ಉಲ್ಟಾ ದಿಕ್ಕಿಗೆ ಮಾಡಿದಂಗ ಆಗ್ತದ.”

ಅವಳನ್ನು ಮೇಡಂ ತಮ್ಮ ರೋಣದ ದವಾಖಾನೆಯ ಮಂಚದ ಮೇಲೆ ಮಲಗಿಸಿ, ತಾವೂ ಆ ರಾತ್ರಿ ಅಲ್ಲೇ ಉಳಿದರು. ತಲೆನೋವು ಬಂದರೆ, ಮಾತು ತೊದಲಿದರೆ ಆ ಕ್ಷಣವೇ ಗದಗಕ್ಕೆ ಕಳಿಸಲು ಕಾರು ಬಾಗಿಲಲ್ಲೇ ನಿಂತಿತ್ತು. ಕಾಯುತ್ತ ಕೂತಾಗ ಮೇಡಂ ನನಗೆ ಬಿಡಿಸಿ ಹೇಳಿದರು. ಇಪ್ಪತ್ತು ವರ್ಷ ಈ ತಪಾಸಣೆ ಮಾಡಿದವನು ಅದನ್ನು ಸರಿಯಾಗಿ ಕೇಳಿದ್ದು ಅಂದೇ.

“ರಕ್ತ ಹೆಪ್ಪುಗಟ್ಟಸೋ ಪ್ರೋಟೀನ್ ಲಿವರಿನಾಗ ತಯಾರಾಗ್ತಾವ. ಆದ್ರ ಅವಕ್ಕ ಕ್ಯಾಲ್ಸಿಯಂ ಹಿಡ್ಯಾಕ ಒಂದ್ ಕೊಕ್ಕಿ ಬೇಕು. ಆ ಕೊಕ್ಕಿ ಹಚ್ಚೂದು ವಿಟಮಿನ್ ಕೆ. ಒಂದ್ ಕೊಕ್ಕಿ ಹಚ್ಚಿದ್ರ ಅದರ ಚಾರ್ಜ್ ಮುಗೀತದ, ಮೊಬೈಲ್ ಬ್ಯಾಟರಿ ಇದ್ದಂಗ. ಮತ್ತ ಚಾರ್ಜ್ ಮಾಡಾಕ ಒಂದು ಕಿಣ್ವ ಅದ. ವಾರ್ಫರಿನ್ ಹೋಗಿ ಆ ಚಾರ್ಜರಿನ ತೂತಿನಾಗ ಕುಂತುಬಿಡ್ತದ. ಅಷ್ಟ ಅದರ ಕೆಲಸ. ಕೊಕ್ಕಿ ಇಲ್ಲದ ಪ್ರೋಟೀನ್ ರಕ್ತದಾಗ ಸುಮ್ನ ತಿರಗ್ತಾವ, ಹೆಪ್ಪು ಆಗೂದಿಲ್ಲ.”

“ಎಲಿ ತಿಂದ್ರ?”

“ಎಲ್ಯಾಗ ಇರೋದೇ ವಿಟಮಿನ್ ಕೆ. ದಿನಾ ಬುಟ್ಟಿಗಟ್ಟಲೆ ತುಂಬಿದ ಬ್ಯಾಟರಿ ಬರಾಕತ್ರ, ಚಾರ್ಜರ್ ಮುಚ್ಚಿದ್ರೂ ಏನಾಗ್ತದ? ನಾವು ಗುಳಿಗಿ ಏರಿಸಿ ಏರಿಸಿ ಎಲ್ಲಾ ಚಾರ್ಜರ್ ಮುಚ್ಚಿದ್ವಿ. ಅಷ್ಟೊತ್ತಿಗೆ ಬ್ಯಾಟರಿ ಬರೂದೂ ನಿಂತಿತು. ಎಲಿ ತಿನ್ನಬ್ಯಾಡ ಅನ್ನೂದಕ್ಕಿಂತ, ದಿನಾ ಅಷ್ಟಕ್ಕಷ್ಟು ತಿನ್ನು, ಹೆಚ್ಚುಕಡಿಮಿ ಮಾಡಬ್ಯಾಡ ಅನ್ನಬೇಕು. ನನ್ನದೂ ತಪ್ಪದ. ಹೊಲದಾಗ ಬಾಯಿಗೆ ಏನ್ ಹಾಕ್ಕೊಂತಿ ಅಂತ ನಾನೂ ಕೇಳಲಿಲ್ಲ.”

ಮರುದಿನ ಬೆಳಿಗ್ಗೆ ಯಂತ್ರ ಮೂವತ್ತೈದಕ್ಕೆ ನಿಂತಿತು. ಮೂರು ಪಾಯಿಂಟ್ ಒಂದು. ನಾನು ಆ ಚೀಟಿಯನ್ನು ಹಿಡಿದು ದವಾಖಾನೆಗೆ ಅಕ್ಷರಶಃ ಓಡಿದೆ. ಒಸಡಿನ ರಕ್ತ ನಿಂತಿತ್ತು. ಅವಳು ಎದ್ದು ಕೂತು ಚಹಾ ಕುಡಿಯುತ್ತಿದ್ದಳು. ಹೊಸ ಲೆಕ್ಕ ಐದು ಮಿಲಿಗ್ರಾಮ್, ಮೊದಲಿನಂತೆಯೇ.

ಮೇಡಂ ಹಗುರಾಗಿದ್ದರು. ಈ ಗುಳಿಗೆ ಸಿಕ್ಕ ಬಗೆಯನ್ನು ಅವಳಿಗೆ ಕಥೆ ಮಾಡಿ ಹೇಳಿದರು. ದೂರದ ಚಳಿಯ ದೇಶವೊಂದರಲ್ಲಿ ಬೂಸ್ಟು ಹಿಡಿದ ಹುಲ್ಲು ತಿಂದ ದನಗಳು, ಸಣ್ಣ ಗಾಯಕ್ಕೂ ರಕ್ತ ನಿಲ್ಲದೆ ಸತ್ತವಂತೆ. ಒಬ್ಬ ರೈತ ಹೆಪ್ಪುಗಟ್ಟದ ಆ ರಕ್ತವನ್ನು ಡಬ್ಬಿಯಲ್ಲಿ ತುಂಬಿಕೊಂಡು ವಿಜ್ಞಾನಿಗಳ ಬಾಗಿಲಿಗೆ ಹೋದನಂತೆ. ವರ್ಷಗಟ್ಟಲೆ ಆ ಹುಲ್ಲನ್ನು ಸೋಸಿ ಸೋಸಿ ಅವರು ಒಂದು ಹರಳು ತೆಗೆದರಂತೆ. ಅದನ್ನೇ ತಿದ್ದಿ ಮೊದಲು ಇಲಿ ಕೊಲ್ಲಲು, ಆಮೇಲೆ ಮನುಷ್ಯರನ್ನು ಉಳಿಸಲು ಬಳಸಿದರಂತೆ.

“ಇಲಿ ಪಾಷಾಣಾ?” ಅವಳು ಬಟ್ಟಲು ಕೆಳಗಿಟ್ಟಳು. “ಎರಡ ವರ್ಷ ನನಗ ಇಲಿ ಪಾಷಾಣಾ ತಿನ್ನಿಸೀರೇನ್ರೀ ಬಾಯಾರ?”

“ಅಳತಿ ಮ್ಯಾಲ ಅದವಾ. ಹೆಚ್ಚಾದ್ರ ಪಾಷಾಣ, ಬರೋಬ್ಬರಿ ಇದ್ರ ಔಷಧ.”

ಅವಳು ನಗುತ್ತಾಳೆ ಅಂದುಕೊಂಡೆ. ನಗಲಿಲ್ಲ. ತನ್ನ ನೇರಳೆ ಅಂಗೈಯನ್ನೇ ನೋಡುತ್ತ ಕೂತಳು. ಆಮೇಲೆ ನನ್ನ ಕಡೆ ತಿರುಗಿದಳು.

“ಅಣ್ಣಾರ, ನಮ್ಮ ಓಣ್ಯಾಗ ಒಬ್ಬಾಕಿ ಇದ್ಳು. ಎದೀ ಆಪರೇಷನ್ ಆದಾಕಿ, ಇದ ಗುಳಿಗಿ. ನಮ್ಮ ಓಣಿ ಹೆಣ್ಣಮಕ್ಕಳ ಜೋಡಿ ಕಡ್ಲಿ ಚಿವುಟಾಕ ಹೋಗ್ತಿದ್ಳು. ಹ್ವಾದ ವರ್ಷ ಚಿವುಟೂದು ಮುಗದು ಎಂಟ ದಿನಾ ಆಗಿತ್ತು, ತಲಿ ಸಿಡ್ಯಾಕತ್ತೈತಿ ಅಂತ ಕುಂತಾಕಿ ಏಳಲೇ ಇಲ್ಲ. ತಲ್ಯಾಗ ರಕ್ತ ಒಡೀತು ಅಂದ್ರು. ಆಕೀನೂ ನಿಮ್ಮ ಕಡೇನ ರಕ್ತಾ ಕೊಡ್ತಿದ್ಳಲ್ರಿ.”

ಮೇಡಂ ನನ್ನನ್ನು ನೋಡಿದರು. ಆ ಹೆಂಗಸು ಅವರ ರೋಗಿಯಲ್ಲ. ದೂರದ ಊರಿನ ವೈದ್ಯರೊಬ್ಬರು ಫೋನಿನಲ್ಲೇ ಡೋಸ್ ಹೇಳುತ್ತಿದ್ದರು. ರಕ್ತ ಮಾತ್ರ ನನ್ನ ಬಳಿ.

ಕೇಂದ್ರಕ್ಕೆ ಬಂದು ಹಿಂದಿನ ವರ್ಷದ ದಾಖಲೆ ಪುಸ್ತಕ ತೆಗೆದೆ. ಅದೇ ಮಾರ್ಗಶಿರದ ದಿನಗಳು, ನನ್ನದೇ ಅಕ್ಷರ. ಎರಡು ಪಾಯಿಂಟ್ ಒಂಬತ್ತು. ಒಂದೂವರೆ. ಒಂದು ಪಾಯಿಂಟ್ ಎರಡು, ಡೋಸ್ ಏರಿಸಿದ್ದಾರೆ. ಒಂದು ಪಾಯಿಂಟ್ ಮೂರು, ಮತ್ತೆ ಏರಿಸಿದ್ದಾರೆ. ಅದರ ಕೆಳಗೆ ಮುಂದಿನ ತಪಾಸಣೆಯ ದಿನ, ಅದರೆದುರು ಒಂದೇ ಶಬ್ದ: ‘ಬರಲಿಲ್ಲ’. ಸಿಟ್ಟಿನಿಂದ ಎರಡು ಗೆರೆ ಬೇರೆ ಎಳೆದಿದ್ದೆ. ಬೇರೆ ಪ್ರಯೋಗಾಲಯಕ್ಕೆ ಹೋಗಿದ್ದಾಳೆಂದು ಆಗ ನನಗೆ ಸಿಟ್ಟು ಬಂದದ್ದು ನೆನಪಾಯಿತು.

ಮೇಡಂ ಪುಸ್ತಕ ನೋಡಿ, ತಾವೂ ಬರುತ್ತೇನೆ ಅಂದರು. ಬೇಡ ಅಂದೆ. ಒಬ್ಬನೇ ಜಕ್ಕಲಿಗೆ ಹೋದೆ.

ಆ ಹೆಂಗಸಿನ ಗಂಡ ಅಂಗಳದಲ್ಲಿ ಹಗ್ಗ ಹೊಸೆಯುತ್ತ ಕೂತಿದ್ದ. ಐವತ್ತರ ಆಸುಪಾಸಿನ ಮನುಷ್ಯ. ನಾನು ಯಾರೆಂದು ಹೇಳಿದ ಕೂಡಲೇ ಎದ್ದು ಚಾಪೆ ಹಾಸಿದ, ನೀರು ಕೊಟ್ಟ. ನಾನು ಮಾತು ಹುಡುಕುತ್ತಿದ್ದೆ. ಅಷ್ಟರಲ್ಲಿ ಅವನೇ ಶುರು ಮಾಡಿದ, ಒಂದು ವರ್ಷದಿಂದ ಯಾರಾದರೂ ಕೇಳಲಿ ಎಂದು ಕಾದವನ ಹಾಗೆ.

“ಮಂದಿ ಅಂತಾರ್ರೀ ಸಾಹೇಬ್ರ, ಗುಳಿಗಿ ಬಿಟ್ಟಿರಬೇಕು, ಅದಕ್ಕ ಹಂಗಾತು ಅಂತ. ಸುಳ್ಳರಿ. ಒಂದ ದಿನಾ ಸೈತ ತಪ್ಪಿಸಿಲ್ಲ. ಆಕಿ ಮರತ್ರೂ ನಾ ಮರೀಲಿಲ್ಲ. ದಿನಾ ಸಂಜಿಕ ಎಷ್ಟ ಬರದಾರ ಅಷ್ಟ ಎಣಿಸಿ, ನೀರ ತಂದು, ನನ್ನ ಕೈಯಾರ ಬಾಯಾಗ ಹಾಕತಿದ್ದೆ. ಕೊನೀ ದಿನಾನೂ ಹಾಕೀನ್ರಿ.”

ನಾನು ಎಲ್ಲವನ್ನೂ ಹೇಳಿದೆ. ಕಡಲೆಯ ಕುಡಿ, ಇಳಿದ ಲೆಕ್ಕ, ಏರಿಸಿದ ಡೋಸ್, ನಿಂತ ಚಿವುಟುವ ಕೆಲಸ. ನನ್ನ ತಪ್ಪನ್ನು ಎಲ್ಲೂ ಮುಚ್ಚಿಡಲಿಲ್ಲ. ಅವನು ಹಗ್ಗ ಕೆಳಗಿಟ್ಟು ಕೇಳಿದ. ಕೇಳಿ ಆದ ಮೇಲೆ ತನ್ನ ಬಲಗೈಯನ್ನು ತಿರುವಿ ನೋಡಿಕೊಂಡ.

“ಅಂದ್ರ, ನಾ ಹಾಕಿದ ಗುಳಿಗಿಲೇನ ಆಕಿ...”

“ಅಲ್ರಿ ಯಜಮಾನ್ರ,” ಅಂದೆ. “ನಾವು ಬರದು ಕೊಟ್ಟ ಗುಳಿಗಿಲೆ.”

ಅವನು ಆ ಕೈಯನ್ನು ನೋಡುವುದನ್ನು ಬಿಡಲಿಲ್ಲ.